ಗುಡ್ಡದ ತಿರುವಿನಲ್ಲಿ ಬೈಕ್ ನಿಲ್ಲಿಸುವವರಿಗೆ

ಪ್ರಶ್ನೆ: ಸಾಗರ ತಾಲ್ಲೂಕಿನ ಹಳ್ಳಿ, ವಯಸ್ಸು 29. ಬೆಂಗಳೂರಿನ ಕೆಲಸ ಬಿಟ್ಟು ಅಪ್ಪನ ತೋಟ ನೋಡಿಕೊಳ್ಳಲು ಬಂದು ಎರಡು ವರ್ಷವಾಯಿತು. ಮನೆಯಲ್ಲಿ ಸಿಗ್ನಲ್ ಇಲ್ಲ. ರಾತ್ರಿ ಊಟ ಮುಗಿಸಿ ಬೈಕಿನಲ್ಲಿ ಗುಡ್ಡದ ತಿರುವಿಗೆ ಹೋಗಿ ಗೆಳೆಯರ ಸ್ಟೇಟಸ್ ನೋಡುತ್ತೇನೆ. ಒಬ್ಬ ಟ್ರಿಪ್, ಒಬ್ಬ ಪ್ರಮೋಷನ್, ಇನ್ನೊಬ್ಬ ಹೊಸ ಕಾರು. ನಾನೊಬ್ಬನೇ ಹಿಂದೆ ಉಳಿದೆ ಅನ್ನಿಸಿ ನಿದ್ದೆ ಬರುವುದಿಲ್ಲ. ಹೋಗದಿದ್ದರೆ ಇನ್ನೂ ಚಡಪಡಿಕೆ. ಇದು ಫೋಮೋನಾ? ಫೋನ್ ಬಿಟ್ಟರೆ ಸರಿಹೋಗುತ್ತದಾ?

ಉತ್ತರ: ಇದೇ ಪತ್ರ ಬೇರೆ ಬೇರೆ ಕೈಬರಹದಲ್ಲಿ ನನಗೆ ಬರುತ್ತಲೇ ಇರುತ್ತದೆ. ಕೇಳುವವರೆಲ್ಲ ಹೆಸರನ್ನು ಗೂಗಲ್‌ನಲ್ಲಿ ಹುಡುಕಿಕೊಂಡೇ ಬಂದಿರುತ್ತಾರೆ, ಹಾಗಾಗಿ ಅರ್ಥ ಒಂದೇ ಮಾತಿನಲ್ಲಿ: ಫೋಮೋ ಅಂದರೆ ‘ಫಿಯರ್ ಆಫ್ ಮಿಸ್ಸಿಂಗ್ ಔಟ್’, ಬೇರೆಯವರಿಗೆ ಸಿಕ್ಕಿದ್ದು ನನಗೆ ತಪ್ಪಿಹೋಗುತ್ತಿದೆ ಅನ್ನುವ ಭಯ. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಲ್ಲಿ ಫೋಮೋ ಇಲ್ಲ. ಮಾತ್ರೆಯೂ ಇಲ್ಲ.

ಫೋನ್ ಬಿಡುವ ಮಾತು ಆಮೇಲೆ. ನಿಮ್ಮ ಎರಡು ಪುಟದ ಪತ್ರವನ್ನು ಇಲ್ಲಿ ಚಿಕ್ಕದು ಮಾಡಿದ್ದೇನೆ. ಪೂರ್ತಿ ಪತ್ರದಲ್ಲಿ ‘ಅಪ್ಪನ ತೋಟ’ ಅಂತ ಐದು ಕಡೆ ಬರೆದಿದ್ದೀರಿ, ‘ನಮ್ಮ ತೋಟ’ ಅಂತ ಒಂದು ಕಡೆಯೂ ಇಲ್ಲ. ನನ್ನ ಕಣ್ಣು ನಿಂತಿದ್ದು ಅಲ್ಲಿ. 2013ರಲ್ಲಿ ಮನೋವಿಜ್ಞಾನಿ ಆಂಡ್ರ್ಯೂ ಶಿಬಿಲ್‌ಸ್ಕಿ ಮತ್ತು ಜೊತೆಗಾರರು ಈ ಭಯವನ್ನು ಅಳೆಯಲು ಹತ್ತು ವಾಕ್ಯಗಳ ಅಳತೆಗೋಲು ಮಾಡಿದರು. ಅವರಿಗೆ ಕಂಡಿದ್ದೇನೆಂದರೆ, ತನ್ನ ಬದುಕಿನ ತೀರ್ಮಾನ ತನ್ನ ಕೈಯಲ್ಲಿಲ್ಲ, ಮಾಡುವ ಕೆಲಸದಲ್ಲಿ ಪಳಗಿಲ್ಲ, ತನ್ನವರು ಅನ್ನುವವರಿಲ್ಲ ಅನ್ನಿಸುವವರಲ್ಲೇ ಈ ಭಯ ಹೆಚ್ಚು. ಎರಡು ವರ್ಷದಲ್ಲಿ ಆ ತೋಟದಲ್ಲಿ ನೀವೇ ತೆಗೆದುಕೊಂಡ ಒಂದು ತೀರ್ಮಾನ ಹೇಳಿ ನೋಡೋಣ. ಬೋರ್ಡೋ ಔಷಧಿ ಯಾವಾಗ ಹೊಡೆಸಬೇಕು, ಅಡಿಕೆ ಕೊನೆ ಕೊಯ್ಯುವ ಕೊನೆಗೌಡನಿಗೆ ಎಷ್ಟು ಕೊಡಬೇಕು, ಎಲ್ಲಾ ಅಪ್ಪನೇ ಹೇಳುತ್ತಿದ್ದರೆ ನೀವು ಅಲ್ಲಿ ಸಂಬಳವಿಲ್ಲದ ಆಳು. ಅರ್ಧ ಎಕರೆಯ ಕಾಳುಮೆಣಸಾದರೂ ನಿಮ್ಮ ಲೆಕ್ಕಕ್ಕೆ ಬರಲಿ. ಲಾಭ ನಷ್ಟ ಎರಡೂ ನಿಮ್ಮದೇ ಆಗಲಿ. ಅಪ್ಪನ ಹತ್ತಿರ ಈ ಮಾತು ಎತ್ತುವುದು ಗುಡ್ಡ ಹತ್ತುವುದಕ್ಕಿಂತ ಕಷ್ಟ, ನನಗೂ ಗೊತ್ತು.

ಈಗ ಫೋನು. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ 143 ವಿದ್ಯಾರ್ಥಿಗಳ ಮೇಲೆ ಒಂದು ಪ್ರಯೋಗ ಮಾಡಿ 2018ರಲ್ಲಿ ಪ್ರಕಟಿಸಿದರು. ಅರ್ಧ ಜನರಿಗೆ ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಸ್ನ್ಯಾಪ್‌ಚಾಟ್ ತಲಾ ದಿನಕ್ಕೆ ಹತ್ತೇ ನಿಮಿಷ, ಮೂರು ವಾರ. ಅವರ ಒಂಟಿತನ ಇಳಿಯಿತು. ಆದರೆ ಫೋಮೋ ಎರಡೂ ಗುಂಪಿನಲ್ಲಿ ಇಳಿಯಿತು! ಎಂದಿನಂತೆ ನೋಡುತ್ತಿದ್ದವರೂ ತಾವು ಎಷ್ಟು ಹೊತ್ತು ನೋಡಿದೆವು ಅನ್ನುವುದನ್ನು ದಿನಾ ಒಪ್ಪಿಸಬೇಕಿತ್ತು. ಆ ಲೆಕ್ಕ ಇಡುವುದೇ ಕೆಲಸ ಮಾಡಿರಬೇಕು ಅನ್ನುತ್ತಾರೆ ಸಂಶೋಧಕರು. ಹಾಗಾಗಿ ನಿಮಗೆ ಫೋನ್ ಬಿಡಿ ಅನ್ನುವುದಿಲ್ಲ. ಬೈಕಿನ ಡಿಕ್ಕಿಯಲ್ಲಿ ಒಂದು ನೋಟ್‌ಬುಕ್ ಇಡಿ. ಹೊರಟ ಹೊತ್ತು, ವಾಪಸ್ ಬಂದ ಹೊತ್ತು, ಏನು ನೋಡಿ ಹೊಟ್ಟೆ ಕಲಸಿತು, ಇಷ್ಟು ಬರೆಯಿರಿ. ಎರಡು ವಾರದ ನಂತರ ಓದಿ. ನೋಡುವ ಮೊದಲೇ ಬೇಕಾಗಿದ್ದವು ಯಾವುವು, ನೋಡಿದ ಮೇಲೆ ಬೇಕು ಅನ್ನಿಸಿದವು ಯಾವುವು ಅಂತ ಗೆರೆ ಎಳೆಯಿರಿ. ಎರಡನೆಯ ಪಟ್ಟಿ ಉದ್ದವಿರುತ್ತದೆ, ಅದನ್ನು ಹರಿದುಹಾಕಬಹುದು.

ಮೊದಲ ಪಟ್ಟಿ ಹರಿಯಬೇಡಿ. ನೀವು ಬಿಟ್ಟುಬಂದ ಊರಿನಲ್ಲಿ ನಿಜವಾಗಿಯೂ ಕೆಲವು ಒಳ್ಳೆಯದಿತ್ತು, ಅದು ತಪ್ಪಿದೆ. ಅದಕ್ಕೆ ದುಃಖ ಪಡುವುದು ಕಾಯಿಲೆಯಲ್ಲ. ‘ಮಲೆನಾಡೇ ಸ್ವರ್ಗ, ನಿಮಗೇನು ಕೊರತೆ’ ಅನ್ನುವವರ ಮಾತು ಕೇಳಬೇಡಿ, ಅವರು ಹೋಂಸ್ಟೇಯಲ್ಲಿ ಎರಡು ರಾತ್ರಿ ಇದ್ದು ಹೋದವರು. ಆಗುಂಬೆ ಮಳೆಯ ರೀಲಿನಲ್ಲಿ ರಕ್ತ ಹೀರುವ ಉಂಬಳ ಕಾಣುವುದಿಲ್ಲ. ನಿಮ್ಮ ಗೆಳೆಯನ ಕಾರಿನ ಸ್ಟೇಟಸ್ಸಿನಲ್ಲಿ ಕಂತೂ ಕಾಣುವುದಿಲ್ಲ. ತಿರುವಿಗೆ ಹೋದಾಗ ಅರವತ್ತು ಸ್ಟೇಟಸ್ ತಿರುವುವ ಬದಲು ಅವರಲ್ಲಿ ಒಬ್ಬನಿಗೆ ಫೋನ್ ಮಾಡಿ, ಬೇಕಾದರೆ ಬೈದುಕೊಳ್ಳಿ.

ಒಂದು ಎಚ್ಚರಿಕೆ. ಎರಡು ವಾರವಾದರೂ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಬದುಕೇ ಬೇಡ ಅನ್ನಿಸಿದರೆ ನೋಟ್‌ಬುಕ್ ಸಾಲದು. ಅದು ಬೇರೆ ಸಮಸ್ಯೆ, ಮನೋವೈದ್ಯರನ್ನು ಕಾಣಿ. ಬದುಕು ಬೇಡ ಅನ್ನಿಸಿದ ದಿನವಂತೂ ಎರಡು ವಾರ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮೆಡಿಕಲ್ ಶಾಪಿನಲ್ಲಿ ನಿದ್ದೆ ಮಾತ್ರೆ ಕೇಳಿ ನುಂಗಿ ನನ್ನ ಹತ್ತಿರ ಬರುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಪ್ರಶ್ನೆ: ಮಗನ ಮೊಬೈಲ್ ಚಟಕ್ಕೆ ಒಬ್ಬರು ಹಾಲಿನಲ್ಲಿ ಬೆರೆಸುವ ಪುಡಿ ಕೊಟ್ಟಿದ್ದಾರೆ. ಹಾಕಬಹುದಾ? (ಭದ್ರಾವತಿ)

ಉತ್ತರ: ಚರಂಡಿಗೆ ಹಾಕಿ. ಮಗನಿಗೆ ಗೊತ್ತಿಲ್ಲದೆ ಏನನ್ನೂ ಕುಡಿಸಬೇಡಿ.

ಪ್ರಶ್ನೆ: ಏಳು ದಿನದ ‘ಡೋಪಮಿನ್ ಉಪವಾಸ’ ಶಿಬಿರಕ್ಕೆ ಹೋಗಲೇ? (ಶಿವಮೊಗ್ಗ)

ಉತ್ತರ: ಡೋಪಮಿನ್ ಮಿದುಳು ತಾನೇ ತಯಾರಿಸುವ ರಾಸಾಯನಿಕ, ಉಪವಾಸ ಮಾಡಿದರೆ ಕಡಿಮೆಯಾಗುವ ಕೊಬ್ಬಲ್ಲ. ದುಡ್ಡು ಉಳಿಸಿಕೊಳ್ಳಿ.

ಪ್ರಶ್ನೆ: ಅಡಿಕೆ ಮಾರಿದ ಮರುದಿನವೇ ರೇಟ್ ಏರಿದರೆ ಅನ್ನುವ ಭಯದಲ್ಲಿ ಮಾರುತ್ತಲೇ ಇಲ್ಲ. ಇದೂ ಫೋಮೋನಾ? (ಹೊಸನಗರ)

ಉತ್ತರ: ಮಂಡಿಯವರನ್ನು ಕೇಳಿ. ನಮ್ಮ ಮನೆಯಲ್ಲೂ ನಾಲ್ಕು ಚೀಲ ‘ರಾಶಿ ಇಡಿ’ ಅಡಿಕೆ ಹಾಗೇ ಕೂತಿದೆ.