ಓದುಗರ ಪ್ರಶ್ನೆ: ವ್ಯಾಪಾರ ಬೆಳೆದಾಗಲೂ ನಮ್ಮತನ ಉಳಿಯಬೇಕಾದರೆ

ಪ್ರಶ್ನೆ: ಹಲವು ವರ್ಷಗಳಿಂದ ಮನೆಯಲ್ಲೇ ಸಾರಿನ ಪುಡಿ, ಹುಳಿ ಪುಡಿ, ಚಟ್ನಿ ಪುಡಿ ಮತ್ತು ಮೆಂತ್ಯದ ಹಿಟ್ಟು ತಯಾರಿಸಿ ಮಾರುತ್ತಿದ್ದೇನೆ. ಈಗ ಅಂಗಡಿಗಳಿಂದಲೂ ಬೇಡಿಕೆ ಬರುತ್ತಿದೆ. ಮಗ ಗೊತ್ತುಮಾಡಿದ ವಿನ್ಯಾಸ ಸಂಸ್ಥೆಯವರು ಹೊಸ ಹೆಸರು, ಹೊಸ ಪೊಟ್ಟಣ ಸೂಚಿಸಿದ್ದಾರೆ. ಅದರ ಜೊತೆಗೆ, ಎಲ್ಲರಿಗೂ ಒಗ್ಗುವಂತೆ ಮೆಂತ್ಯದ ಕಹಿಯನ್ನೂ ಇಂಗಿನ ಘಾಟನ್ನೂ ತಗ್ಗಿಸಬೇಕೆನ್ನುತ್ತಾರೆ. ವಾಟ್ಸ್‌ಆ್ಯಪ್‌ನಲ್ಲಿ ಗ್ರಾಹಕರಿಗೆ ನಾನು ಬರೆಯುವ ಸಂದೇಶಗಳನ್ನು ಇನ್ನು ಮುಂದೆ ಅವರೇ ಬರೆಯುತ್ತಾರಂತೆ. ಬೆಳೆಯಬೇಕಾದರೆ ಇದೆಲ್ಲ ಅನಿವಾರ್ಯವೇ?
– ಹೆಸರು ಬೇಡ, ಹನುಮಂತನಗರ

ಉತ್ತರ: ಅನಿವಾರ್ಯವಲ್ಲ. ಪೊಟ್ಟಣದ ವಿಷಯದಲ್ಲಿ ಅವರ ಮಾತು ಕೇಳಿ. ಅಂಗಡಿಯ ಕಪಾಟಿನಲ್ಲಿ ದೂರದಿಂದ ಕಾಣುವ ಅಕ್ಷರ, ತೇವ ತಾಗದ ಚೀಲ, ಪದಾರ್ಥಗಳ ಪಟ್ಟಿ, ತಯಾರಿಕೆಯ ದಿನಾಂಕ, ಆಹಾರ ಪರವಾನಗಿ ಸಂಖ್ಯೆ ಇವೆಲ್ಲ ಬೇಕೇಬೇಕು. ರುಚಿಯ ವಿಷಯದಲ್ಲಿ ಮಾತ್ರ ಒಪ್ಪಬೇಡಿ. ನಿಮ್ಮ ಮೆಂತ್ಯದ ಹಿಟ್ಟನ್ನು ಹುಡುಕಿಕೊಂಡು ಬರುವವರು ಆ ಕಹಿಯನ್ನು ಬಯಸಿಯೇ ಬರುತ್ತಿದ್ದಾರೆ. ಅದನ್ನು ತೆಗೆದುಹಾಕಿದರೆ ದೊಡ್ಡ ಕಂಪನಿಗಳ ಪೊಟ್ಟಣಗಳ ಪಕ್ಕದಲ್ಲಿ ಬೆಲೆಯೊಂದರ ಮೇಲೆಯೇ ಪೈಪೋಟಿ ನಡೆಸಬೇಕಾಗುತ್ತದೆ, ಮತ್ತು ಆ ಪೈಪೋಟಿಯಲ್ಲಿ ಮನೆಯಿಂದ ವ್ಯಾಪಾರ ನಡೆಸುವವರಿಗೆ ಗೆಲುವು ಬಹಳ ಕಷ್ಟ.

ನಮ್ಮ ಬೆಂಗಳೂರಿನಲ್ಲೇ ಇದಕ್ಕೆ ಉದಾಹರಣೆಗಳಿವೆ. 1924ರಲ್ಲಿ ಆರಂಭವಾದ ಎಂಟಿಆರ್, ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಅಭಾವ ಬಂದಾಗ ರವೆಯಲ್ಲಿ ಇಡ್ಲಿ ಮಾಡಿತೆಂದು ಆ ಸಂಸ್ಥೆಯೇ ಹೇಳಿಕೊಳ್ಳುತ್ತದೆ. ತುರ್ತುಪರಿಸ್ಥಿತಿಯ ದಿನಗಳಲ್ಲಿ ಹೋಟೆಲು ನಡೆಸುವುದು ಕಷ್ಟವಾದಾಗ ಸಿದ್ಧ ಮಿಶ್ರಣಗಳನ್ನೂ ಪುಡಿಗಳನ್ನೂ ಮಾರುವ ದಾರಿ ಹಿಡಿಯಿತು. ಮಾರುವ ರೂಪ ಪೂರ್ತಿ ಬದಲಾದರೂ ಜನ ಕೊಂಡದ್ದು ಹೋಟೆಲಿನಲ್ಲಿ ತಿಂದು ನಂಬಿದ್ದ ರುಚಿಯನ್ನೇ ಎಂಬುದನ್ನು ಗಮನಿಸಿ. ಮೈಸೂರು ಸ್ಯಾಂಡಲ್ ಸೋಪಿನದು ಇನ್ನೊಂದು ಬಗೆ. ಅಂಡಾಕಾರದ ಬಿಲ್ಲೆ, ಶರಭದ ಲಾಂಛನ ಮತ್ತು ಗಂಧದೆಣ್ಣೆಯ ಪರಿಮಳ ಈ ಮೂರನ್ನೂ ತಲೆಮಾರುಗಳಿಂದ ಕಾಪಾಡಿಕೊಂಡಿರುವುದರಿಂದ, ಹೊದಿಕೆ ತೆಗೆದಿಟ್ಟರೂ ಅದು ಯಾವ ಸೋಪು ಎಂದು ನಾವು ಹೇಳಬಲ್ಲೆವು. ನಿಮ್ಮ ಪುಡಿಗೂ ಇದೇ ಪರೀಕ್ಷೆ ಸಾಕು: ಚೀಟಿ ಅಂಟಿಸದ ಡಬ್ಬಿಯನ್ನು ಹಳೆಯ ಗ್ರಾಹಕರ ಮುಂದೆ ತೆರೆದಿಟ್ಟರೆ ಅವರು ಅದನ್ನು ನಿಮ್ಮದೆಂದು ಯಾವುದರಿಂದ ಗುರುತಿಸುತ್ತಾರೆ ಎಂಬುದನ್ನು ಅವರಿಂದಲೇ ಕೇಳಿ ತಿಳಿಯಿರಿ.

ನನಗೆ ಹೆಚ್ಚು ಆತಂಕವಿರುವುದು ವಿನ್ಯಾಸ ಸಂಸ್ಥೆಯ ಬಗ್ಗೆ ಅಲ್ಲ, ಉತ್ಪಾದನೆ ಹೆಚ್ಚಿದಾಗ ಬಾಣಲೆಯ ಮುಂದೆ ನಿಮ್ಮ ಬದಲು ಇನ್ನೊಬ್ಬರು ನಿಲ್ಲುವ ದಿನದ ಬಗ್ಗೆ. ಕಣ್ಣಳತೆ, ಕೈಯಳತೆಯಲ್ಲಿ ಇಷ್ಟು ದಿನ ನಡೆದುಬಂದದ್ದನ್ನು ಅದಕ್ಕೆ ಮೊದಲೇ ಬರೆದಿಡಬೇಕು. ಬ್ಯಾಡಗಿ ಮತ್ತು ಗುಂಟೂರು ಮೆಣಸಿನಕಾಯಿ ಎಷ್ಟೆಷ್ಟು ಗ್ರಾಂ. ಧನಿಯ, ಕಡಲೆಬೇಳೆ, ಮೆಂತ್ಯಗಳನ್ನು ಬೇರೆಬೇರೆಯಾಗಿ ಹುರಿಯುತ್ತೀರಾ ಅಥವಾ ಒಟ್ಟಿಗೆ ಹಾಕುತ್ತೀರಾ. ಮೆಂತ್ಯ ಯಾವ ಬಣ್ಣಕ್ಕೆ ತಿರುಗಿದಾಗ ಒಲೆಯಿಂದ ಇಳಿಸುತ್ತೀರಿ. ಹುರಿದದ್ದು ಪೂರ್ತಿ ಆರಿದ ಮೇಲೆಯೇ ಗಿರಣಿಗೆ ಕಳುಹಿಸುತ್ತೀರಾ. ಪುಡಿ ತರಿಯಾಗಿರಬೇಕೇ, ನುಣ್ಣಗಿರಬೇಕೇ ಎಂಬ ಪ್ರತಿಯೊಂದೂ ನಿಮ್ಮ ವ್ಯಕ್ತಿತ್ವವೇ. ಮೆಂತ್ಯ ಸ್ವಲ್ಪ ಹೆಚ್ಚು ಹುರಿದರೆ ಕಹಿ ಕೆಡುತ್ತದೆಂಬುದು ನಿಮಗೆ ಕೈಬಳಕೆಯಿಂದ ಗೊತ್ತು, ಹೊಸದಾಗಿ ಸೇರಿದವರಿಗೆ ಗೊತ್ತಿರುವುದಿಲ್ಲ. ಪ್ರತಿ ಸಲ ತಯಾರಿಸಿದಾಗಲೂ ಒಂದಿಷ್ಟು ಎತ್ತಿಟ್ಟು, ಮುಂದಿನ ಸಲದ್ದನ್ನು ಅದರ ಜೊತೆ ರುಚಿ ನೋಡಿ ಹೋಲಿಸುವ ಪದ್ಧತಿಯನ್ನು ಈಗಲೇ ಆರಂಭಿಸಿ.

ಸಂದೇಶಗಳನ್ನು ನೀವೇ ಬರೆಯಿರಿ. ಈ ಸಲದ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ನೀವು ತಿಳಿಸಿದಾಗ ಓದುವವರಿಗೆ ಹುರಿದವರ ದನಿಯೇ ಕೇಳಿಸುತ್ತದೆ. ಸಂಬಳಕ್ಕೆ ಬರೆಯುವವರು ಎಷ್ಟೇ ಜಾಣರಾಗಿದ್ದರೂ ಆ ಮಾತು ಅವರಿಗೆ ಹೊಳೆಯುವುದಿಲ್ಲ. ಆರ್ಡರು ಬರೆದುಕೊಳ್ಳುವುದು, ಲೆಕ್ಕ, ಕೊರಿಯರ್ ಬೇಕಾದರೆ ಅವರು ನೋಡಿಕೊಳ್ಳಲಿ.

ಹೆಸರನ್ನು ಆರಿಸುವಾಗ ‘ಶುದ್ಧ’, ‘ರುಚಿಕರ’ ಎಂಬಂತಹ ಬರಿಯ ಗುಣವಾಚಕಗಳು ಬೇಡ, ಏಕೆಂದರೆ ಸರಕಿನ ಗುಣವನ್ನಷ್ಟೇ ಹೇಳುವ ಪದಗಳಿಗೆ 1999ರ ಟ್ರೇಡ್‌ಮಾರ್ಕ್ ಕಾಯ್ದೆಯಡಿ ನೋಂದಣಿ ಸುಲಭವಾಗಿ ಸಿಗುವುದಿಲ್ಲ. ಮಸಾಲೆ ಪುಡಿಗಳು 30ನೆಯ ವರ್ಗಕ್ಕೆ ಸೇರುತ್ತವೆ. ಮುಂದೆ ಉಪ್ಪಿನಕಾಯಿ ಮಾಡುವ ಯೋಚನೆಯಿದ್ದರೆ ಅದು 29ನೆಯ ವರ್ಗ. ನೋಂದಣಿ 10 ವರ್ಷ ಊರ್ಜಿತದಲ್ಲಿದ್ದು, ಬಳಿಕ ನವೀಕರಿಸಿಕೊಳ್ಳಬಹುದು. ಹಳೆಯ ಹೆಸರಿಗೆ ಈಗಾಗಲೇ ಗ್ರಾಹಕರ ನಂಬಿಕೆಯಿದ್ದರೆ, ಅದನ್ನು ನೋಂದಾಯಿಸಲು ಸಾಧ್ಯವೇ ಎಂದು ಮೊದಲು ವಿಚಾರಿಸಿ.

ಪ್ರಶ್ನೆ: ನಾನು ಸ್ವತಂತ್ರವಾಗಿ ಕೆಲಸ ಮಾಡುವ ಗ್ರಾಫಿಕ್ ವಿನ್ಯಾಸಕ. ಬರುವ ಗ್ರಾಹಕರೆಲ್ಲ ಬೇರೆ ಯಾರದೋ ಇನ್‌ಸ್ಟಾಗ್ರಾಂ ಪುಟ ತೋರಿಸಿ ಹೀಗೆಯೇ ಬೇಕೆನ್ನುತ್ತಾರೆ. ನನ್ನ ಶೈಲಿಗೆ ಅಂಟಿಕೊಂಡರೆ ಕೆಲಸ ಕೈತಪ್ಪುವ ಭಯವಿದೆ.
– ಓದುಗ, ವಿಜಯನಗರ

ಉತ್ತರ: ಬಾಡಿಗೆ ಕಟ್ಟಬೇಕಾದವರಿಗೆ ಈ ಭಯ ಸಹಜ. ಆದರೆ ಗ್ರಾಹಕರು ಮಾದರಿಯೊಂದನ್ನು ತೋರಿಸಿದಾಗ ಅವರಿಗೆ ನಿಜಕ್ಕೂ ಹಿಡಿಸಿದ್ದು ಅದರ ಒಂದು ಗುಣ ಮಾತ್ರವಾಗಿರಬಹುದು, ಓದಲು ಸುಲಭವಾಗಿರುವುದೋ ಬಣ್ಣದ ಹಿತವೋ. ಅದು ಯಾವುದೆಂದು ಬಿಡಿಸಿ ಕೇಳಿ, ಆ ಗುಣವನ್ನು ನಿಮ್ಮ ರೀತಿಯಲ್ಲಿ ಸಾಧಿಸಿದ ಒಂದು ನಮೂನೆಯನ್ನೂ ಮುಂದಿಡಿ. ಅನ್ನಕ್ಕಾಗಿ ಒಪ್ಪಿಕೊಂಡ ಅನುಕರಣೆಯ ಕೆಲಸವನ್ನು ಅಚ್ಚುಕಟ್ಟಾಗಿ ಮುಗಿಸಿಕೊಡಿ, ಆದರೆ ನಿಮ್ಮ ಪ್ರದರ್ಶನ ಪುಟದಲ್ಲಿ ಹಾಕಬೇಡಿ. ಅಲ್ಲಿ ಕಂಡದ್ದನ್ನೇ ಮುಂದಿನ ಗ್ರಾಹಕರೂ ಕೇಳುತ್ತಾರೆ.

ಕನ್ನಡ ಅಕ್ಷರಗಳಲ್ಲಿ ನಿಮಗೆ ದೊಡ್ಡ ಅವಕಾಶವಿದೆ. ಉಚಿತವಾಗಿ ಸಿಗುವ ಬಾಲೂ ತಮ್ಮ, ನೋಟೋ ಸಾನ್ಸ್‌ನಂತಹ ಕೆಲವೇ ಫಾಂಟುಗಳು ಹೊಸ ಹೋಟೆಲಿನ ಫಲಕದಿಂದ ಮದುವೆಯ ಕರೆಯೋಲೆಯವರೆಗೆ ಎಲ್ಲೆಡೆ ಕಾಣಿಸುತ್ತಿರುವುದರಿಂದ, ಕೈಯಲ್ಲಿ ಬಿಡಿಸಿದ ಒಂದು ಹೆಸರೂ ಕೂಡಲೇ ಬೇರೆಯಾಗಿ ಕಾಣುತ್ತದೆ. ಚಿಕ್ಕಪೇಟೆ, ಅವೆನ್ಯೂ ರಸ್ತೆಯ ಹಳೆಯ ಅಂಗಡಿಗಳ ಫಲಕಗಳಲ್ಲಿ ತಲೆಕಟ್ಟು, ಒತ್ತಕ್ಷರ, ಕೊಂಬುಗಳನ್ನು ಹೇಗೆ ಬಳಸಿದ್ದಾರೆಂದು ನೋಡಿ ಅಭ್ಯಾಸ ಮಾಡಿ, ಮುಂದಿನ ಗ್ರಾಹಕರಿಗೆ ಅವರ ಅಂಗಡಿಯ ಹೆಸರನ್ನು ಕೈಯಲ್ಲೇ ಬಿಡಿಸಿ ತೋರಿಸಿ.