ನಾಲ್ಕನೇ ಪುಟದಿಂದ ಶುರು ಮಾಡಿ

ನಮಸ್ಕಾರ.

ನೀರೊಳಗಿನ ಸದ್ದನ್ನು ಹಿಡಿಯುವ ಹೈಡ್ರೋಫೋನ್ ಬಗ್ಗೆ ನೀವು ಮಂಡ್ಯದಿಂದ ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲಾರೆ. ವಾಪಸು ಕಳಿಸಿ ಸುಮ್ಮನಾಗಲೂ ಮನಸ್ಸಿಲ್ಲ. ಕಾರಣ, ನಿಮ್ಮ ನಾಲ್ಕನೇ ಪುಟ.

ಹಳೆಯ ಬಜರ್‌ನಿಂದ ಬಿಚ್ಚಿದ, ಒತ್ತಡವನ್ನು ವಿದ್ಯುತ್ತಾಗಿಸುವ ಪೀಜೋ ಬಿಲ್ಲೆಗೆ ವೈರು ಬೆಸೆದು, ನೀರು ಸೇರದಂತೆ ಎಪಾಕ್ಸಿ ಅಂಟು ಮೆತ್ತಿ, ಸಂಜೆ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಇಳಿಬಿಟ್ಟಿದ್ದೀರಿ. ಸೇತುವೆ ಮೇಲೆ ಕಬ್ಬಿನ ಲಾರಿ ಹೋದಾಗ ನೀರೊಳಗೆ ಎದ್ದ ಗುಡುಗನ್ನು ಓದಿ ನಾನೇ ಬೆಚ್ಚಿದೆ. ಲೇಖನ ಅಲ್ಲಿಂದಲೇ ಶುರುವಾಗಲಿ. ಮೊದಲ ಮೂರು ಪುಟ ಯಾರು ಬೇಕಾದರೂ ಬರೆಯಬಹುದಾದ ಪೀಠಿಕೆ. ಹರಳನ್ನು ಒತ್ತಿದರೆ ವಿದ್ಯುತ್ ಹುಟ್ಟುತ್ತದೆಂದು ಕ್ಯೂರಿ ಸಹೋದರರು 1880ರಲ್ಲಿ ತೋರಿಸಿದ್ದು ಬೇಕೇ ಬೇಕು, ಆದರೆ ಬಿಲ್ಲೆ ನಿಮ್ಮ ಕೈಗೆ ಬಂದ ಹೊತ್ತಿಗೆ, ಎರಡೇ ಸಾಲಿನಲ್ಲಿ. ‘ಜಲಶ್ರವಣಕ’ ಎಂಬ ಪದ ಬೇಡ, ಹೈಡ್ರೋಫೋನ್ ಎಂದೇ ಇರಲಿ.

ದೊಡ್ಡ ತಪ್ಪು ಡೆಸಿಬಲ್‌ನದು. ಹಡಗಿನ ಸದ್ದು ನೀರಿನಲ್ಲಿ 180 ಡೆಸಿಬಲ್, ಆದ್ದರಿಂದ ಜೆಟ್ ವಿಮಾನಕ್ಕಿಂತ ಜೋರು ಎಂದಿದ್ದೀರಿ. ಇದು ಒಂದು ರಾಗಿಯನ್ನು ಸೇರಿನಲ್ಲೂ ಇನ್ನೊಂದನ್ನು ಪಾವಿನಲ್ಲೂ ಅಳೆದು ಹೋಲಿಸಿದಂತೆ. ಗಾಳಿಯಲ್ಲಿ ಅಳತೆಯ ಆಧಾರ 20 ಮೈಕ್ರೋಪಾಸ್ಕಲ್ ಒತ್ತಡ, ನೀರಿನಲ್ಲಿ 1. ಇದರಿಂದಲೇ 26 ಡೆಸಿಬಲ್ ವ್ಯತ್ಯಾಸ. ನೀರಿನ ಸಾಂದ್ರತೆಯೂ ಅದರಲ್ಲಿ ಸದ್ದಿನ ವೇಗವೂ ಹೆಚ್ಚಾದ್ದರಿಂದ, ಅಷ್ಟೇ ತೀವ್ರತೆಯ ಸದ್ದಿಗೆ ಇನ್ನೂ ಸುಮಾರು 36. ಒಟ್ಟು 62 ಕಳೆದು ಆಮೇಲೆ ಹೋಲಿಸಿ. ಎಷ್ಟು ದೂರದಲ್ಲಿ ಅಳೆದದ್ದು ಎಂಬುದನ್ನೂ ಬರೆಯಿರಿ, ಅದಿಲ್ಲದೆ ಅಂಕಿಗೆ ಅರ್ಥವಿಲ್ಲ.

‘ಎಡೆಬಿಡದ ಗುಂಯ್ ಸದ್ದು ಮೀನುಗಳ ಮಾತು’ ಎಂಬ ಸಾಲನ್ನು ನಾನು ನಂಬಲಿಲ್ಲ. ಬಿಲ್ಲೆಯಿಂದ ಬರುವ ಸಂಕೇತ ಬಲು ಸಣ್ಣದು. ಕವಚವಿಲ್ಲದ ಉದ್ದ ವೈರು ಸುತ್ತಲಿನ ಕರೆಂಟಿನ 50 ಹರ್ಟ್ಸ್ ಗುಂಯ್ ಅನ್ನೂ ಎಳೆದುಕೊಳ್ಳುತ್ತದೆ. ಪಕ್ಕದಲ್ಲೇ ಪಂಪ್‌ಸೆಟ್ ಓಡುತ್ತಿತ್ತೆಂದು ನೀವೇ ಬರೆದಿದ್ದೀರಿ, ಅದರ ನಡುಕವೂ ನೀರಿಗೆ ಇಳಿದಿರಬಹುದು. ಪಂಪ್‌ಸೆಟ್ಟಿನ ತ್ರೀಫೇಸ್ ಕರೆಂಟು ಹೋದ ಮೇಲೆ ಅದೇ ಜಾಗದಲ್ಲಿ ಮತ್ತೆ ಕೇಳಿ. ಗುಂಯ್ ನಿಂತಿದ್ದರೆ ಅದು ಮೀನಿನದಲ್ಲ. ಹಾಗೇ ಆದರೆ ಹಾಗೆಂದೇ ಬರೆಯಿರಿ, ಮುಚ್ಚಿಡಬೇಡಿ. ಮೈಕಿಗೆ ಹಾಕುವ ಶೀಲ್ಡ್ ವೈರು ಬಳಸಿದರೆ ಇನ್ನೂ ಒಳ್ಳೆಯದು.

ನಾಲೆಗೆ ನೀರು ನಿಲ್ಲಿಸುವ ಮುಂಚೆ ಹೋಗಿಬನ್ನಿ. ಮೈಸೂರಿಗೆ ಬರುವಾಗ ರೆಕಾರ್ಡಿಂಗ್ ತನ್ನಿ. ಆ ಲಾರಿಯ ಸದ್ದನ್ನು ನಾನೂ ಕೇಳಬೇಕು.

ಇತಿ,
ಸಂಪಾದಕ