ಬಳಸಿ ಬಿಸಾಡಿದ ಪ್ಲಾಸ್ಟಿಕ್ ಬಾಟಲಿಯಿಂದ ನೀರು ಪರೀಕ್ಷಿಸುವ, ಕರೆಂಟ್ ಕೂಡಿಡುವ ವಸ್ತು ಮಾಡಬಹುದಂತೆ, ನಿಜಾನಾ? ಮನೆಯಲ್ಲೇ ಆಗುತ್ತಾ?

ನಿಜ. ಆದರೆ ಮನೆಯಲ್ಲಿ ಖಂಡಿತ ಬೇಡ, ಕಾರಣ ಮುಂದೆ ಹೇಳುತ್ತೇನೆ. ನಾನು ಡಿಗ್ರಿ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತೇನೆ. ನೀವು ಕೇಳಿದ್ದರಲ್ಲಿ ಒಂದು ಭಾಗವನ್ನು ನಮ್ಮ ಲ್ಯಾಬಿನಲ್ಲೇ ಹುಡುಗರ ಜೊತೆ ಮಾಡಿ ನೋಡಿದ್ದೇನೆ.

ನೀರಿನ ಬಾಟಲಿ ಅಂದರೆ ಪೆಟ್ ಪ್ಲಾಸ್ಟಿಕ್. ಟೆರೆಫ್ತಾಲಿಕ್ ಆಸಿಡ್ ಮತ್ತು ಎಥಿಲೀನ್ ಗ್ಲೈಕಾಲ್ ಎಂಬ ಎರಡು ವಸ್ತುಗಳು ಸರಪಳಿಯ ಹಾಗೆ ಒಂದಕ್ಕೊಂದು ಕೊಂಡಿ ಹಾಕಿಕೊಂಡಿರುತ್ತವೆ. ಅದರ ತೂಕದಲ್ಲಿ ಶೇ. 62ಕ್ಕೂ ಜಾಸ್ತಿ ಬರೀ ಇಂಗಾಲ. ಹಾಗಾಗಿ ಎರಡು ದಾರಿ ಇವೆ. ಕೊಂಡಿ ಬಿಡಿಸಿ ಆಸಿಡ್ ವಾಪಸ್ ತೆಗೆಯುವುದು ಒಂದು. ಇಂಗಾಲವನ್ನೇ ಬೇರೆ ರೂಪಕ್ಕೆ ತರುವುದು ಇನ್ನೊಂದು.

ಮೊದಲನೆಯದು ನೋಡೋಕೆ ಬಹಳ ಚೆಂದ. ಬಾಟಲಿ ಚೂರುಗಳನ್ನು ಕಾಸ್ಟಿಕ್ ಸೋಡಾ ಹಾಕಿದ ಗ್ಲೈಕಾಲ್‌ನಲ್ಲಿ ಕಾಯಿಸಿದರೆ ಕರಗುತ್ತವೆ. ನೀರು ಬೆರೆಸಿ, ಸೋಸಿ, ಹನಿಹನಿಯಾಗಿ ಹೈಡ್ರೋಕ್ಲೋರಿಕ್ ಆಸಿಡ್ ಬಿಟ್ಟಾಗ ತಿಳಿ ದ್ರಾವಣ ಹಾಲು ಒಡೆದ ಹಾಗೆ ಆಗಿ ಬೆಳ್ಳಗಿನ ಪುಡಿ ಕೆಳಗೆ ಕೂರುತ್ತದೆ. ಅದೇ ಟೆರೆಫ್ತಾಲಿಕ್ ಆಸಿಡ್. ಇದಕ್ಕೆ ಜಿರ್ಕೋನಿಯಂನಂಥ ಲೋಹ ಸೇರಿಸಿದರೆ ಒಳಗೆಲ್ಲಾ ಸಣ್ಣ ಸಣ್ಣ ಗೂಡುಗಳಿರುವ ಹರಳು ಸಿಗುತ್ತದೆ. ಇಂಥ ಹರಳುಗಳನ್ನು ಮಾಫ್ (MOF, ಮೆಟಲ್-ಆರ್ಗ್ಯಾನಿಕ್ ಫ್ರೇಮ್‌ವರ್ಕ್) ಅನ್ನುತ್ತಾರೆ. 2025ರ ಕೆಮಿಸ್ಟ್ರಿ ನೊಬೆಲ್ ಬಂದದ್ದು ಇವುಗಳ ಕೆಲಸಕ್ಕೇ.

ಇನ್ನು ನೀರಿನ ಪರೀಕ್ಷೆ. ಇದು ನನಗೆ ತುಂಬಾ ಹತ್ತಿರದ ವಿಷಯ. ನಮ್ಮೂರು ಪಾವಗಡದ ಕಡೆ. ಬೋರ್‌ವೆಲ್ ನೀರಿನ ಫ್ಲೋರೈಡ್‌ನಿಂದ ಹಲ್ಲಿನ ಮೇಲೆ ಕಂದು ಗೆರೆ ಬಿದ್ದವರ ನಡುವೆಯೇ ಬೆಳೆದವನು ನಾನು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಇರಬಹುದು ಅನ್ನುತ್ತದೆ ನಮ್ಮ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಮಾನದಂಡ. ಕಣ್ಣಿಗಾಗಲಿ ನಾಲಿಗೆಗಾಗಲಿ ಅದು ಗೊತ್ತಾಗೋದೇ ಇಲ್ಲ, ಅಲ್ವಾ?

ನಾವು ಮಾಡಿದ್ದು ಎರಡನೇ ದಾರಿಯಲ್ಲಿ ಸಿಗುವ ಕಾರ್ಬನ್ ಡಾಟ್. ಅಂದರೆ ಕೆಲವೇ ನ್ಯಾನೋಮೀಟರ್ (ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಭಾಗ) ಅಗಲದ ಇಂಗಾಲದ ಕಣ. 2004ರಲ್ಲಿ ಅಮೆರಿಕದ ಸೌತ್ ಕೆರೊಲಿನಾದಲ್ಲಿ ಕಾರ್ಬನ್ ನ್ಯಾನೋಟ್ಯೂಬ್ (ಇಂಗಾಲದ ಅತಿ ಸಣ್ಣ ಕೊಳವೆ) ಶುದ್ಧ ಮಾಡುವಾಗ ಆಕಸ್ಮಿಕವಾಗಿ ಸಿಕ್ಕಿದ್ದು ಇದು. ಪೆಟ್ ಚೂರುಗಳನ್ನು ಕಾಯಿಸಿ ಕಪ್ಪು ಮಾಡಿ, ಪುಡಿ ಮಾಡಿ, ಹೈಡ್ರೋಜನ್ ಪೆರಾಕ್ಸೈಡ್ ಜೊತೆ ಟೆಫ್ಲಾನ್ ಡಬ್ಬಿ ಇರುವ ಸ್ಟೀಲ್ ಪಾತ್ರೆಯಲ್ಲಿ ಬಿಗಿದು ರಾತ್ರಿಯಿಡೀ ಓವನ್‌ನಲ್ಲಿಟ್ಟೆವು. ಬೆಳಿಗ್ಗೆ ಸೋಸಿದಾಗ ಸಿಕ್ಕಿದ್ದು ತೆಳು ಚಹಾ ಬಣ್ಣದ ನೀರು. ಹುಡುಗರಿಗೆ ಸ್ವಲ್ಪ ಬೇಜಾರಾಯಿತು. ಆಮೇಲೆ ಲೈಟ್ ಆಫ್ ಮಾಡಿ, ಅಂಗಡಿಯಲ್ಲಿ ನೋಟು ನೋಡುವ ಯುವಿ ಟಾರ್ಚ್ ಬಿಟ್ಟರೆ ಇಡೀ ಟ್ಯೂಬ್ ನೀಲಿಯಾಗಿ ಹೊಳೆಯಿತು! ಫೆರಿಕ್ ಕ್ಲೋರೈಡ್ ಅನ್ನುವ ಕಬ್ಬಿಣದ ಲವಣದ ಹನಿ ಹಾಕಿದೆವು. ಕಬ್ಬಿಣ ಕಣಗಳಿಗೆ ಅಂಟಿಕೊಂಡು ಬೆಳಕು ಮಂಕಾಯಿತು. ಅದಕ್ಕೆ ಫ್ಲೋರೈಡ್ ಹಾಕಿದಾಗ ಅದು ಕಬ್ಬಿಣವನ್ನು ತನ್ನ ಕಡೆ ಎಳೆದುಕೊಂಡಿತು, ಬೆಳಕು ವಾಪಸ್ ಬಂತು. ಎಷ್ಟು ವಾಪಸ್ ಬಂತು ಅನ್ನುವುದರ ಮೇಲೆ ಎಷ್ಟು ಫ್ಲೋರೈಡ್ ಇದೆ ಅಂತ ಲೆಕ್ಕ ಹಾಕಬಹುದು.

ಡಿಸ್ಟಿಲ್ಡ್ ವಾಟರ್‌ನಲ್ಲಿ ಇದು ಚೆನ್ನಾಗಿ ಬಂತು. ನಮ್ಮೂರಿನ ಬೋರ್‌ವೆಲ್ ನೀರು ತಂದು ಹಾಕಿದರೆ ಲೆಕ್ಕವೆಲ್ಲಾ ಏರುಪೇರು. ಗಡಸು ನೀರಿನ ಬೈಕಾರ್ಬೊನೇಟ್‌ನಿಂದ ಕಬ್ಬಿಣವೇ ತುಕ್ಕಿನ ಬಣ್ಣದ ಗಸಿಯಾಗಿ ತಳಕ್ಕೆ ಹೋಯಿತು. ಫಾಸ್ಫೇಟ್ ಇದ್ದರೆ ಅದೂ ಕಬ್ಬಿಣವನ್ನು ಎಳೆದುಕೊಂಡು ಫ್ಲೋರೈಡ್ ಇದ್ದ ಹಾಗೆಯೇ ತೋರಿಸುತ್ತದೆ. ನನ್ನ ಪ್ರಕಾರ ಇಡೀ ವಿಷಯದಲ್ಲಿ ಕಷ್ಟ ಇರುವುದು ಇಲ್ಲೇ. ಹೊಳೆಯುವ ಕಣ ಮಾಡುವುದು ದೊಡ್ಡದಲ್ಲ, ಹಳ್ಳಿಯ ನೀರಿನಲ್ಲಿ ಅದು ಸುಳ್ಳು ಹೇಳದ ಹಾಗೆ ಮಾಡುವುದು ದೊಡ್ಡದು.

ಕರೆಂಟ್ ವಿಷಯ ನಾನು ಮಾಡಿಲ್ಲ, ಓದಿದ್ದಷ್ಟೇ. ಗಾಳಿ ಇಲ್ಲದೆ ಸುಟ್ಟ ಪೆಟ್ ಇಂಗಾಲವನ್ನು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಜೊತೆ ಮತ್ತೆ ಕಾಯಿಸಿದರೆ ಸ್ಪಂಜಿನಂತಾಗುತ್ತದೆ. ಒಂದು ಗ್ರಾಂನಲ್ಲಿ ಸಾವಿರ ಚದರ ಮೀಟರ್‌ಗೂ ಜಾಸ್ತಿ ಮೇಲ್ಮೈ. ಕರೆಂಟನ್ನು ಬೇಗ ತುಂಬಿಕೊಂಡು ಬೇಗ ಬಿಡುವ ಸೂಪರ್‌ಕೆಪಾಸಿಟರ್‌ಗೆ ಬೇಕಿರುವುದು ಅದೇ. ಕೇಂಬ್ರಿಡ್ಜ್‌ನಲ್ಲಿ ಎರ್ವಿನ್ ರೈಸ್ನರ್ ಅವರ ತಂಡ 2018ರಲ್ಲಿ ಬೆಳಕು ಹಾಯಿಸಿ, ಕ್ಷಾರದಲ್ಲಿ ನೆನೆಸಿದ ಪೆಟ್‌ನಿಂದ ಇಂಧನವಾಗಿ ಬಳಸಬಹುದಾದ ಹೈಡ್ರೋಜನ್ ಬಿಡಿಸಿ ತೋರಿಸಿತು. ಆದರೆ ಆ ಇಂಗಾಲವನ್ನು ಕಾಯಿಸಲು ಎಷ್ಟು ಕರೆಂಟ್ ಖರ್ಚಾಯಿತು ಅಂತಲೂ ಲೆಕ್ಕ ಇಡಬೇಕು.

ಇದರಿಂದ ಕಸದ ಗುಡ್ಡ ಕರಗುತ್ತದೆ ಅಂದುಕೊಳ್ಳಬೇಡಿ. ಒಂದು ಬಾಟಲಿಯಿಂದಲೇ ನೂರಾರು ಪರೀಕ್ಷೆಗಾಗುವಷ್ಟು ಕಣ ಬರುತ್ತದೆ. ಲಾಭ ಇರುವುದು ಕಸ ಖಾಲಿ ಆಗುವುದರಲ್ಲಲ್ಲ, ಅಗ್ಗದ ಪರೀಕ್ಷೆಯಲ್ಲಿ.

ಮನೆಯಲ್ಲಿ ಯಾಕೆ ಬೇಡ ಅಂದರೆ, ಬಿಗಿದ ಪಾತ್ರೆಯೊಳಗೆ ಒತ್ತಡ ಏರಿದರೆ ಅದು ಸಿಡಿಯುತ್ತದೆ. ಕಾಸ್ಟಿಕ್ ಸೋಡಾ ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು. ಚೂರುಗಳ ಜೊತೆ ಪಿವಿಸಿ ಲೇಬಲ್ ಸೇರಿ ಕಾದರೆ ಹೈಡ್ರೋಜನ್ ಕ್ಲೋರೈಡ್ ಹೊಗೆ ಏಳುತ್ತದೆ. ನೀವು ವಿದ್ಯಾರ್ಥಿಯಾದರೆ ಮೇಷ್ಟ್ರನ್ನು ಕೇಳಿ, ಲ್ಯಾಬಿನಲ್ಲಿ ಅವರ ಎದುರಿಗೇ ಆ ಬಿಳಿ ಪುಡಿಯಿಂದ ಶುರು ಮಾಡಿ. ಮೊದಲು ಲೇಬಲ್ ಕಿತ್ತು, ಚೂರುಗಳನ್ನು ಬಕೆಟ್ ನೀರಿಗೆ ಹಾಕಿ. ಮುಚ್ಚಳದ ಚೂರು ತೇಲುತ್ತದೆ, ಪೆಟ್ ಮುಳುಗುತ್ತದೆ. ನಿಮಗೆ ಬೇಕಾದದ್ದು ಮುಳುಗಿದ್ದು.